ಅಂಚು ಕತ್ತರಿಸಿದ ಬಟ್ಟೆ

ನಮ್ಮ ಬನಹಟ್ಟಿಯಲ್ಲಿ ಮಗ್ಗವನ್ನು ಯಾರೂ ಬರಿದು ಮಾಡುವುದಿಲ್ಲ. ಉದ್ದಕ್ಕೆ ಬಿಗಿದ ನೂಲಿಗೆ ಹಾಸು ಎನ್ನುತ್ತೇವೆ. ಆ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ನೇಯ್ದು ತೆಗೆಯದೆ ಮೊಳದಷ್ಟು ತುದಿಯನ್ನು ಮಗ್ಗದಲ್ಲೇ ಬಿಡುತ್ತೇವೆ. ಆ ತುದಿಯ ಸಾವಿರಾರು ಎಳೆಗಳು ಕುಣಿಕೆಗಳಲ್ಲಿ, ಹಣಿಗೆ ಎಂಬ ಬಾಚಣಿಗೆಯ ಹಲ್ಲುಗಳಲ್ಲಿ ತಮ್ಮ ತಮ್ಮ ಜಾಗ ಹಿಡಿದು ಕೂತಿರುತ್ತವೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಿದರೆ ಸಾಕು, ಹಳೆಯದು ಹೊಸದನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಕೆಚ್ಚುವುದು ಎಂದು ಹೆಸರು, ಹೆಚ್ಚಾಗಿ ಹೆಂಗಸರ ಕೆಲಸ. ಕೆಲಸವಿಲ್ಲದೆ ತಿಂಗಳುಗಟ್ಟಲೆ ನಿಂತ ಮಗ್ಗದಲ್ಲೂ ಆ ತುದಿ ಧೂಳು ತಿನ್ನುತ್ತ ಇದ್ದೇ ಇರುತ್ತದೆ. ಅದನ್ನು ಕೊಯ್ದರೆಂದರೆ ಆ ಮನೆಯಲ್ಲಿ ನೇಯುವುದು ಮುಗಿಯಿತು ಎಂದು ಓಣಿಯವರು ತಿಳಿದುಕೊಳ್ಳುತ್ತಾರೆ.

ಆ ತುದಿಯನ್ನು ಎಲ್ಲರೂ ಒಂದೇ ಮುಂಜಾನೆ ಕೊಯ್ಯಬೇಕು ಎಂದು ನಮ್ಮ ಅಧ್ಯಕ್ಷರು ಹೇಳಿದ ಬೇಸಿಗೆಯ ವಿಷಯ ಇಲ್ಲಿ ಬರೆಯುತ್ತಿದ್ದೇನೆ.

ಅಧ್ಯಕ್ಷರೆಂದರೆ ನೇಕಾರರೆಲ್ಲ ಕೂಡಿ ಕಟ್ಟಿಕೊಂಡ ನಮ್ಮ ಸಣ್ಣ ಕಂಪನಿಯ ಅಧ್ಯಕ್ಷರು. ನೇಕಾರರ ಮಗ. ಇಚಲಕರಂಜಿಯ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದವರು. ಬಿಳಿ ಅಂಗಿ, ಕಾಲಿಗೆ ಹಳೆಯ ಚಪ್ಪಲಿ, ಮತ್ತೆ ಆ ಬಾಯಿ. ಅವರು ಮಾತಿಗೆ ನಿಂತರೆ ಎದುರು ಕೂತವರಿಗೆ ತಮ್ಮ ಮನೆಯ ಸೋರುವ ತಗಡು ಮರೆತು ಹೋಗುತ್ತಿತ್ತು. ಮನೆಮನೆಯ ಹಳೆಯ ಕರೆಂಟಿನ ಮಗ್ಗಗಳನ್ನು ಗುಜರಿಗೆ ಹಾಕಬೇಕು, ಜಮಖಂಡಿ ರಸ್ತೆಯಲ್ಲಿ ಎಲ್ಲರದೂ ಕೂಡಿ ಒಂದೇ ದೊಡ್ಡ ಶೆಡ್ಡು ಕಟ್ಟಬೇಕು, ಅದರಲ್ಲಿ ಅಡ್ಡ ನೂಲು ಒಯ್ಯುವ ಲಾಳಿಯಿಲ್ಲದ ಹೊಸ ಮಗ್ಗ ಹೂಡಿ ದೂರದ ದೊಡ್ಡ ಗಿರಾಕಿಗೆ ದೊಡ್ಡ ಅಗಲದ ಬಟ್ಟೆ ನೇಯಬೇಕು, ಇದು ಅವರ ಕನಸು. ಕನಸೇನೂ ಕೆಟ್ಟದ್ದಲ್ಲ. ನಾವು ನೇಯುವ ಸೀರೆಯನ್ನು ನಮ್ಮ ಹೆಣ್ಣುಮಕ್ಕಳೇ ಉಡುವುದಿಲ್ಲ. ಹಬ್ಬದ ದಿನ ಬಿಟ್ಟರೆ ನಾನೂ ಉಡುವುದಿಲ್ಲ.

ಕಂಪನಿಯಲ್ಲಿ ಮಾದರಿ ಬಟ್ಟೆ ತಯಾರಿಸುವ ಕೆಲಸ ನನ್ನದು. ಹಾಗಾಗಿ ಬಟ್ಟೆಯ ಸುರುಳಿ ಹೊತ್ತು ಅವರ ಹಿಂದೆ ಎಲ್ಲ ಸಭೆಗಳಿಗೂ ಹೋಗುತ್ತಿದ್ದೆ. ರಬಕವಿಯ ಸಭೆಯಲ್ಲಿ ಅವರು ಎದ್ದು ನಿಂತು, "ಬನಹಟ್ಟಿಯವ್ರು ಆಗಲೇ ಹೂಂ ಅಂದಾರ. ನೀವು ಹಿಂದ ಉಳದ್ರ ನನಗೇನ ಆಗೂದೈತಿ?" ಎಂದರು. ಬನಹಟ್ಟಿಯಲ್ಲಿ ಆಗಿನ್ನೂ ಸಭೆಯೇ ಆಗಿರಲಿಲ್ಲ. ಎರಡು ದಿನ ಬಿಟ್ಟು ಬನಹಟ್ಟಿಯಲ್ಲಿ, "ರಬಕವಿಯವ್ರು ಹೂಂ ಅಂದಾರ" ಎಂದರು. ಅಷ್ಟು ಹೊತ್ತಿಗೆ ಅದು ನಿಜವಾಗಿತ್ತು. ಜೋಡಿ ಊರುಗಳ ನಡುವಿನ ಪೈಪೋಟಿ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬನಹಟ್ಟಿಯೂ ಒಪ್ಪಿತು. ಹೊರಗೆ ಬಂದು ನನ್ನ ಕಡೆ ತಿರುಗಿ, "ಈಗ ಹೇಳ ತಂಗಿ, ನಾ ಸುಳ್ಳ ಹೇಳಿದ್ನೇನ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಮನಸ್ಸಿನಲ್ಲಿ, ಎಂಥ ಗಟ್ಟಿ ಮನುಷ್ಯ ಎಂದು ಮೆಚ್ಚಿದೆ ಕೂಡ.

ಗಿರಾಕಿ ಕಂಪನಿ ಕೇಳಿದ್ದು ದಪ್ಪ ಹತ್ತಿಯ ಬಟ್ಟೆ, ಕಪ್ಪಿಗೆ ಹತ್ತಿರದ ಕಡುನೀಲಿ. ಒಗೆದರೆ ಬಣ್ಣ ಬಿಡಬಾರದು, ಹೆಚ್ಚು ಕುಗ್ಗಬಾರದು. ಮುಖ್ಯ ಷರತ್ತು, ಮಾದರಿಯನ್ನು ನಮ್ಮ ಊರಿನವರೇ ನಮ್ಮ ಊರಿನಲ್ಲೇ ಮಾಡಿರಬೇಕು. ಮಾದರಿ ಒಪ್ಪಿಗೆಯಾದರೆ ಆರ್ಡರು, ಆರ್ಡರು ಸಿಕ್ಕರೆ ಶೆಡ್ಡು. ಎಲ್ಲವೂ ಆ ಒಂದು ತುಂಡು ಬಟ್ಟೆಗೆ ಬಂದು ನಿಂತಿತ್ತು.

ನೂಲನ್ನು ಸೋಡಾ ಮತ್ತು ಸಾಬೂನು ಹಾಕಿ ಕುದಿಸಿದರೆ ಹತ್ತಿಯ ಮೇಣ ಬಿಡುತ್ತದೆ. ಆಮೇಲೆ ಬಣ್ಣದ ನೀರಿಗೆ ಇಳಿಸಿ ಉಪ್ಪು ಹಾಕಬೇಕು. ಉಪ್ಪು ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ. ಕೊನೆಗೆ ಮತ್ತೆ ಸೋಡಾ, ಅದು ಬಣ್ಣವನ್ನು ಹಿಡಿದು ಕೂರಿಸುತ್ತದೆ. ಕೇಳಲಿಕ್ಕೆ ಅಡಿಗೆ ಮಾಡಿದಷ್ಟೇ ಸಲೀಸು. ಆದರೆ ನಮ್ಮ ಬೋರಿನ ನೀರು ಸುಣ್ಣದ ನೀರು. ಸಾಬೂನು ಹಾಕಿದರೆ ನೊರೆ ಏಳುವುದಿಲ್ಲ, ಮೊಸರು ಒಡೆದ ಹಾಗೆ ಬಿಳಿ ಚೂರು ತೇಲುತ್ತವೆ. ಆ ಸುಣ್ಣಕ್ಕೆ ಬಣ್ಣ ಅಂಟಿಕೊಂಡು ನೂಲಿನ ಮೇಲೆ ಚುಕ್ಕೆಚುಕ್ಕೆಯಾಗಿ ಕೂತಿತು. ಮೊದಲ ಸಲ ಅದ್ದಿದ ನೂಲನ್ನು ನೇಯ್ದು ನೋಡಿದರೆ ಬಟ್ಟೆಗೆ ಸಿಬ್ಬು ಎದ್ದಂತಿತ್ತು. ನೀರು ಮೆದುವಾಗುವ ಪುಡಿ ಹಾಕಿದೆವು. ಚುಕ್ಕೆ ಹೋಯಿತು, ಜೊತೆಗೆ ಕಡುಬಣ್ಣವೂ ಹೋಯಿತು. ಪುಡಿ ಕಡಿಮೆ ಮಾಡಿದರೆ ಮತ್ತೆ ಚುಕ್ಕೆ. ಬಣ್ಣದ ಮನೆಯ ಮಾಮಾ ಹಂಡೆ ತಿರುವುತ್ತ, "ಬಾಯಿ ಬಿಟ್ರ ಬಣ್ಣಗೇಡ ಅಂತಾರ. ಇಲ್ಲಿ ಬಾಯಿ ಮುಚ್ಚಿದ್ರೂ ಗೇಡ ಐತೆಲ್ಲವಾ" ಎಂದ. ನನಗೆ ನಗು ಬರಲಿಲ್ಲ.

ಹೊಳೆಯ ನೀರು ಮೆದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಬೇಸಿಗೆಗೆ ನಮ್ಮ ಕಡೆ ಕೃಷ್ಣೆ ಬತ್ತಿತ್ತು. ಮೇಲಿನ ಅಣೆಕಟ್ಟಿನವರು ನೀರು ಬಿಡಲಿ ಎಂದು ಜನ ಕಾಯುತ್ತಿದ್ದರು. ಬೀಳಗಿ ತಾಲ್ಲೂಕಿನ ಗಲಗಲಿಯಲ್ಲಿ ನನ್ನ ಸೋದರತ್ತೆಯ ಮನೆ ಇದೆ, ಅಲ್ಲಿ ಮಡುವಿನಲ್ಲಿ ನೀರಿತ್ತು. ನೂಲಿನ ಲಡಿ, ಬಣ್ಣ, ಹಂಡೆ ಎಲ್ಲ ಟೆಂಪೋದಲ್ಲಿ ಹೇರಿಕೊಂಡು ಮಾಮಾ ಮತ್ತು ನಾನು ಅಲ್ಲಿಗೆ ಹೋದೆವು. ದಂಡೆಯ ಮೇಲೆ ಒಲೆ ಹೂಡಿ ಅದ್ದಿದೆವು. ಬಣ್ಣ ಒಂದೇ ಸಮ ಕೂತಿತು. ಒಣ ಹಾಕಿದ ಲಡಿಗಳನ್ನು ನೋಡಿ ಅತ್ತೆ, "ಕಾಡಿಗಿ ಹಂಗ ಐತಿ" ಎಂದಳು. ನಿಜ ಹೇಳಬೇಕೆಂದರೆ ಕಾಡಿಗೆಯಷ್ಟು ಕಪ್ಪಿರಲಿಲ್ಲ, ಆದರೂ ನನಗೆ ಕುಣಿಯುವಷ್ಟು ಸಂತೋಷವಾಯಿತು.

ಆ ನೂಲನ್ನು ಮಾದರಿ ಮಗ್ಗಕ್ಕೆ ಕೆಚ್ಚಿಕೊಟ್ಟವಳು ನಮ್ಮ ಓಣಿಯವರೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು. ಗಂಡ ತೀರಿಕೊಂಡ ಮೇಲೆ ಮನೆಯ ಎರಡು ಮಗ್ಗಗಳನ್ನು ನಾದಿನಿಯ ಜೊತೆ ತಾನೇ ನಡೆಸುತ್ತಿದ್ದಳು. ಮನೆಗೆ ಬೇರೆ ಆಧಾರವಿಲ್ಲ. ಓಣಿಯಲ್ಲಿ ಅವಳ ಮಾತಿಗೆ ತೂಕವಿತ್ತು, ಯಾಕೆಂದರೆ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಎಳೆ ಹೊಸೆಯುತ್ತ, "ಬಣ್ಣ ಛಲೋ ಬಂದೈತಿ, ಆದ್ರ ಅವ್ರು ಕೇಳಿದ್ದಕಿಂತ ತುಸು ತಿಳಿ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ನೇಯ್ದು, ಒಗೆದು, ಅಳೆದೆ. ಬಣ್ಣ ಬಿಡಲಿಲ್ಲ, ಆದರೆ ತಿಳಿಯಾಗಿತ್ತು, ಕುಗ್ಗುವುದೂ ಹೇಳಿದ ಮಿತಿಗಿಂತ ತುಸು ಹೆಚ್ಚು. ಅಧ್ಯಕ್ಷರಿಗೆ ಬಟ್ಟೆ ಕೊಡುವಾಗ ಎಲ್ಲ ಬಿಡಿಸಿ ಹೇಳಿದೆ. ಬೇಸಿಗೆಯ ಮಡುವಿನ ನೀರೂ ಪೂರ್ತಿ ಮೆದುವಲ್ಲ, ಇನ್ನೊಂದು ಸಲ ಅದ್ದಿ ನೋಡಬೇಕು, ಮಳೆಗಾಲ ಕಳೆದು ಹೊಳೆ ತಿಳಿಯಾಗಬೇಕು, ಇಲ್ಲವೆ ನೀರು ಮೆದು ಮಾಡುವ ಘಟಕ ಮೊದಲು ಹಾಕಬೇಕು, ಆಮೇಲೆ ಶೆಡ್ಡು. ಅವರು ಬಟ್ಟೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, "ಆತ ತಂಗಿ, ನಾ ನೋಡ್ಕೋತೀನಿ" ಎಂದರು.

ಕೆಲವು ವಾರಗಳಲ್ಲಿ ಮಾದರಿ ಒಪ್ಪಿಗೆಯಾಯಿತು. ಆಫೀಸಿನಲ್ಲಿ ಪೇಢೆ ಹಂಚಿದರು. ತಿಳಿಬಣ್ಣವನ್ನು ಅವರು ಹೇಗೆ ಒಪ್ಪಿದರು ಎಂದು ಒಂದು ಕ್ಷಣ ಅನಿಸಿತು. ಆದರೆ ಒಪ್ಪಿದ್ದಾರಲ್ಲ ಎಂಬ ಸಂತೋಷದಲ್ಲಿ ಅದನ್ನು ಪೇಢೆಯ ಜೊತೆಗೇ ನುಂಗಿದೆ.

ಗಿರಾಕಿಯ ಕಡೆಯವನು ಮುಧೋಳಕ್ಕೆ ಬಂದ. ಅಲ್ಲಿಯ ಒಂದು ಲಾಡ್ಜಿನಲ್ಲಿ ಅಧ್ಯಕ್ಷರು ಮತ್ತು ನಾನು ಭೆಟ್ಟಿಯಾದೆವು. ಅವನು ಒಪ್ಪಿಗೆಯಾದ ಮಾದರಿಯನ್ನು ಎರಡು ಭಾಗ ಮಾಡಿ ತಂದಿದ್ದ, ಒಂದು ಅವರಿಗೆ, ಒಂದು ನಮಗೆ. ಮುಂದೆ ನೇಯುವ ಪ್ರತಿ ಮೀಟರೂ ಇದರಂತೆಯೇ ಇರಬೇಕು ಎಂದು ಹಿಂದಿಯಲ್ಲಿ ಹೇಳಿ ನನ್ನ ಕೈಗೆ ಕೊಟ್ಟ. ಬಟ್ಟೆ ನಿಜಕ್ಕೂ ಕಾಡಿಗೆಯಷ್ಟು ಕಪ್ಪಗಿತ್ತು. ನಾನು ಬಣ್ಣ ನೋಡುವ ಮೊದಲೇ ಕೈ ಅಂಚಿಗೆ ಹೋಯಿತು, ನೇಕಾರರ ಮನೆಯವರಿಗೆ ಅದೊಂದು ಚಟ. ಅಂಚು ಇರಲಿಲ್ಲ. ಎರಡೂ ಕಡೆ ಕತ್ತರಿಯಿಂದ ನೀಟಾಗಿ ಕೊಯ್ದಿದ್ದರು.

ಲಾಳಿಯ ಮಗ್ಗದಲ್ಲಿ ಅಡ್ಡ ನೂಲು ಅಂಚಿಗೆ ಹೋಗಿ ಮಡಚಿಕೊಂಡು ಮರಳಿ ಬರುತ್ತದೆ, ಅದಕ್ಕೇ ನಮ್ಮ ಬಟ್ಟೆಯ ಅಂಚು ಮುಚ್ಚಿದ ಅಂಚು. ಲಾಳಿಯಿಲ್ಲದ ಹೊಸ ಮಗ್ಗದಲ್ಲಿ ಪ್ರತಿ ಎಳೆಯೂ ಅಂಚಿನಲ್ಲಿ ತುಂಡಾಗಿ ಕುಚ್ಚಿನಂತೆ ನಿಲ್ಲುತ್ತದೆ. ಬಟ್ಟೆ ಎಲ್ಲಿ ಹುಟ್ಟಿತು ಎಂಬುದನ್ನು ಅಂಚು ಹೇಳುತ್ತದೆ. ಅಂಚು ಕೊಯ್ದವರಿಗೆ ಅದು ಹೇಳುವುದು ಬೇಡವಾಗಿತ್ತು. ನಾನು ಅಧ್ಯಕ್ಷರ ಮುಖ ನೋಡಿದೆ. ಅವರು ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತಿದ್ದರು. ಪರಸ್ಥಳದವನ ಎದುರು ಮಾತು ಬೇಡವೆಂದು ಸುಮ್ಮನಾದೆ.

ಮರಳುವಾಗ ಮಹಾಲಿಂಗಪುರದ ಬಸ್ ನಿಲ್ದಾಣದ ಬಳಿ ಚಹಾಕ್ಕೆ ನಿಂತೆವು. ಕೇಳಿದೆ. ಅವರು ಅಲ್ಲಗಳೆಯಲಿಲ್ಲ.

"ಇಚಲಕರಂಜಿದಾಗ ನನ್ನ ಗೆಳ್ಯಾನ ಕಾರ್ಖಾನ್ಯಾಗಿಂದ ತರಿಸಿದೆ. ನಿಂದು ತಿಳಿ ಇತ್ತು. ಅದನ್ನ ಕಳಿಸಿದ್ರ ಅಲ್ಲಿಗೇ ಮುಗೀತಿತ್ತು."

"ನಮ್ಮ ನೀರಿನಾಗ ಆ ಬಣ್ಣ ಬರೂದಿಲ್ರೀ. ನಾಳೆ ಅವ್ರು ಹಂಗಽ ಕೊಡ್ರಿ ಅಂದ್ರ?"

"ನಾಳೆ ಬರ್ತೈತಿ. ಹೊಸಾ ಮಗ್ಗ ಬರ್ತಾವು, ನೀರಿನ ಮಶೀನ್ ಬರ್ತೈತಿ. ಎಲ್ಲಾ ಬರೂದು ಮೊದಲ ಆ ಒಂದ ಹೂಂ ಬಂದ ಮ್ಯಾಲ." ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟು ಮುಂದೆ ಬಾಗಿದರು. "ನಮ್ಮಪ್ಪ ಜೀವನಪೂರ್ತಿ ಖರೆ ಮಾತಾಡಿದ. ಗಿರಾಕಿ ಕೇಳಿದ್ರ, ಇದು ಆಗ್ತೈತಿ, ಇದು ಆಗೂದಿಲ್ಲ ಅಂತ ಬಿಡಿಸಿ ಹೇಳ್ತಿದ್ದ. ಕಡೀಗೆ ಮಂದಿ ಮಗ್ಗದಾಗ ಕೂಲಿಗೆ ಹೋಗಿ ಸತ್ತ. ಸಾವಿರ ಸುಳ್ಳ ಹೇಳಿ ಒಂದ ಲಗ್ನ ಮಾಡು ಅಂತಾರ ಹಿರ್ಯಾರು, ಸುಮ್ನ ಅಂತಾರೇನ?"

"ಲಗ್ನ ಆದ ಮ್ಯಾಲ ಬಾಳೇ ಮಾಡಾಕಿ ಹುಡುಗಿರೀ. ಸುಳ್ಳ ಹೇಳಿದವ್ರು ಉಂಡ ಹೋಗ್ತಾರ."

ಅವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು. "ನಾ ಉಂಡ ಹೋಗಾವಲ್ಲ ತಂಗಿ. ನಮ್ಮ ಮನಿ ಮಗ್ಗದ ತುದಿ ಮೊನ್ನೇನ ಕೊಯ್ದೀನಿ. ನೀ ಸುಳ್ಳ ಹೇಳಬ್ಯಾಡ. ಸುಮ್ನಿರು, ಅಷ್ಟ ಸಾಕು" ಎಂದರು. ತಾವು ತರಿಸಿದ ಬಟ್ಟೆಯನ್ನು ಅವರು ಆಗಲೇ ನಮ್ಮೂರಿನದೆಂದು ನಂಬಿಬಿಟ್ಟಿದ್ದರು ಎಂದು ನನಗನಿಸಿತು. ಸಣ್ಣ ಕಳ್ಳನನ್ನು ಬೈಯಬಹುದು. ಇಂಥವರ ಎದುರು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಶೆಡ್ಡಿಗೆ ಸಾಲ ಕೊಡುವವರು ಸದಸ್ಯರ ಗಟ್ಟಿತನ ನೋಡುತ್ತಾರೆ, ಹಳೆಯದಕ್ಕೂ ಹೊಸದಕ್ಕೂ ಕಾಲಿಟ್ಟು ನಿಂತವರನ್ನು ನಂಬುವುದಿಲ್ಲ, ಎಲ್ಲರೂ ಒಂದೇ ಮುಂಜಾನೆ ತುದಿ ಕೊಯ್ದು ಮಗ್ಗ ಗುಜರಿಗೆ ಕೊಟ್ಟರೆ ಊರಿಗೆ ಊರೇ ಹೊಸದಾಗಿ ಹುಟ್ಟುತ್ತದೆ, ಹೀಗೆ ಅವರು ಸಭೆಯಲ್ಲಿ ಹೇಳಿದರು. ಕಪ್ಪು ಬಟ್ಟೆಯನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ಮೇಜಿನ ಮೇಲೆ ಇಟ್ಟಿದ್ದರು. "ಇದು ನಮ್ಮ ಕೈಯಿಂದು, ನಮ್ಮ ನೀರಿಂದು" ಎಂದಾಗ ಮುಂದೆ ಕೂತ ಗಂಡಸರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಎದ್ದು ನಿಲ್ಲಬೇಕು ಎಂದು ಆ ಹೊತ್ತಿಗೂ ಅನಿಸಿತ್ತು. ಆದರೆ ಏಳಲಿಲ್ಲ. ಕೊಯ್ಯುವ ಮುಂಜಾನೆಯ ಮೊದಲು ಅವರನ್ನೇ ಇನ್ನೊಮ್ಮೆ ಕಂಡು ಬೇಡಿಕೊಂಡರಾಯಿತು ಎಂದುಕೊಂಡೆ. ಬೇಡಿಕೊಂಡೆ ಕೂಡ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಕಳಿಸಿದರು.

ಆ ಮುಂಜಾನೆ ಮೊದಲು ರಬಕವಿಯ ಒಂದು ಓಣಿಯಲ್ಲಿ ಕೊಯ್ದರು. ಮನೆಮನೆಯ ಮುಂದೆ ನೀರು ಹಾಕಿ, ಮಗ್ಗಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು ಕೊಯ್ದರಂತೆ. ಆಮೇಲೆ ಅಧ್ಯಕ್ಷರು ಬನಹಟ್ಟಿಗೆ, ನಮ್ಮ ಓಣಿಗೆ ಬಂದರು. ಗಾಜಿನ ಚೌಕಟ್ಟನ್ನು ಒಬ್ಬ ಮುಂದೆ ಹಿಡಿದುಕೊಂಡು ನಡೆದಿದ್ದ. ನಮ್ಮಲ್ಲಿ ಅಕ್ಕ ಕೊಯ್ದರೆ ಉಳಿದವರು ಕೊಯ್ಯುತ್ತಾರೆಂದು ಅವರಿಗೂ ಗೊತ್ತಿತ್ತು, ಅದಕ್ಕೇ ನೇರ ಅವಳ ಮನೆಗೆ ಬಂದರು. ಓಣಿಯ ಎಲ್ಲ ಮಗ್ಗಗಳೂ ನಿಂತಿದ್ದವು. ಅಷ್ಟು ಸದ್ದಿಲ್ಲದ ಓಣಿಯಲ್ಲಿ ನಾನು ಹುಟ್ಟಿದಾಗಿನಿಂದ ಯಾವತ್ತೂ ನಿಂತಿರಲಿಲ್ಲ.

ಅಕ್ಕ ಕತ್ತರಿ ತೆಗೆದುಕೊಂಡಳು. ತುದಿಯನ್ನು ಎಡಗೈಯಲ್ಲಿ ಹಿಡಿದಳು. ಹಿಡಿದು ಚೌಕಟ್ಟಿನ ಕಡೆ ನೋಡಿದಳು.

"ಅಂಚ ಯಾಕ ಕೊಯ್ದೀರಿ ಇದರದು?" ಎಂದು ಕೇಳಿದಳು.

"ಗಾಜಿನ ಅಳತಿಗೆ ಕೂಡ್ಲಿ ಅಂತ, ಯವ್ವಾ" ಎಂದರು ಅಧ್ಯಕ್ಷರು. ಅವರ ಹಿಂದೆ ನಿಂತವರು ನಕ್ಕರು.

ಅಕ್ಕ ನಗಲಿಲ್ಲ. ಜನರ ಹಿಂದೆ ನಿಂತಿದ್ದ ನನ್ನನ್ನು ಹುಡುಕಿ ಹೇಳಿದಳು, "ನಾ ಕೆಚ್ಚಿದ ನೂಲ ಇಷ್ಟ ಕಪ್ಪ ಇರಲಿಲ್ಲ. ಆಮ್ಯಾಲ ಮತ್ತೊಂದು ನೇಯ್ದಿರಬೇಕ ನೀ. ನೇಯ್ದಿದ್ರ ಹೂಂ ಅನ್ನು. ಕೊಯ್ತೀನಿ."

ಅವಳು ಹೂಂ ಎನ್ನು ಎಂದಷ್ಟೇ ಕೇಳಿದ್ದಳು. ಅಧ್ಯಕ್ಷರು ನನ್ನನ್ನು ನೋಡಿದರು, ಆ ನೋಟದಲ್ಲಿ ಬೆದರಿಕೆ ಇರಲಿಲ್ಲ, ಕೋರಿಕೆ ಇತ್ತು. ನನ್ನ ಒಂದು ಅಕ್ಷರದ ಮೇಲೆ ಅವಳ ಮನೆಯ ಒಲೆ ನಿಂತಿತ್ತು. ಕೊಯ್ದರೆ ಮರುದಿನವೇ ಗುಜರಿಯವರು ಬರುತ್ತಾರೆ. ಶೆಡ್ಡು ಎದ್ದು, ಹೊಸ ಮಗ್ಗ ಬಂದು, ಬೋರಿನ ನೀರು ಬುದ್ಧಿ ಕಲಿಯುವ ತನಕ ಅವಳು ಮತ್ತು ನಾದಿನಿ ಏನು ತಿನ್ನುತ್ತಾರೆ? ಕಡುನೀಲಿ ಬರದೆ ಗಿರಾಕಿ ಎದ್ದು ಹೋದರೆ ಆಮೇಲೆ? ನೀರಿಗೆ ಭಾಷಣ ತಿಳಿಯುವುದಿಲ್ಲ ಎಂಬುದೊಂದೇ ನನಗೆ ಖಾತ್ರಿಯಿದ್ದ ವಿಷಯ.

"ನಾ ನೇಯ್ದಿಲ್ಲ ಅಕ್ಕಾ. ನಮ್ಮೂರಾಗ ಯಾರೂ ನೇಯ್ದಿಲ್ಲ. ಅದು ಹೊರಗಿಂದು" ಎಂದೆ.

ಅಕ್ಕ ತುದಿಯನ್ನು ಕೈಯಿಂದ ಬಿಡುತ್ತ ಅದರ ಎಳೆಗಳನ್ನು ಒಮ್ಮೆ ಸವರಿ ಸರಿಮಾಡಿದಳು. ಕತ್ತರಿಯನ್ನು ಗೂಡಿನಲ್ಲಿಟ್ಟಳು. ಯಾರೂ ಕೂಗಾಡಲಿಲ್ಲ. ಅಧ್ಯಕ್ಷರು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ಇದನ್ನ ಸಭಾದಾಗ ಹೇಳಿದ್ರ ಅಲ್ಲೇ ತಡೀತಿದ್ದೆ. ಇವತ್ತ ಹೇಳಿ ರಬಕವಿಯವ್ರನ್ನ ಕೊಂದಿ" ಎಂದರು. ಅವರು ತಡೆಯುತ್ತಿದ್ದರೆಂದು ನಾನು ನಂಬುವುದಿಲ್ಲ. ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಬನಹಟ್ಟಿ ಕೊಯ್ಯಲಿಲ್ಲ. ಸುದ್ದಿ ತಿಳಿದು ಗಿರಾಕಿ ಹಿಂದೆ ಸರಿದ. ಜಮಖಂಡಿ ರಸ್ತೆಯಲ್ಲಿ ಅಧ್ಯಕ್ಷರು ಆಗಲೇ ನೆಡಿಸಿದ್ದ ಶೆಡ್ಡಿನ ಕಬ್ಬಿಣದ ಕಂಬಗಳು ಇವತ್ತಿಗೂ ನಿಂತಿವೆ, ಅವಕ್ಕೆ ಆಡು ಕಟ್ಟುತ್ತಾರೆ. ರಬಕವಿಯ ಆ ಓಣಿಯವರು ಕೆಲವರು ಮಂದಿಯ ಮಗ್ಗದಲ್ಲಿ ಕೂಲಿಗೆ ಹೋದರು, ಕೆಲವರು ಲೋಕಾಪುರದ ಕಡೆ ಲಾರಿಗೆ ಮಾಲು ತುಂಬಲು ಹೋದರು. ಅವರಲ್ಲೊಬ್ಬ ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ, "ನೀ ಸುಮ್ನಿದ್ರ ನೀವೂ ಕೊಯ್ತಿದ್ರಿ. ಎಲ್ಲಾರೂ ಕೊಯ್ದಿದ್ರ ಏನರ ಆಗ್ತಿತ್ತು" ಎಂದ. ನಾನು ನೀರಿನ ಗಡಸುತನದ ಮಾತು ತೆಗೆದೆ. "ನೀರಿಗೆ ಏನರ ಮಾಡ್ತಿದ್ವಿ ತಗೀರಿ" ಎಂದು ಹೋಗಿಬಿಟ್ಟ. ಮಾಡುತ್ತಿದ್ದರೋ ಏನೋ. ಜನರೆಲ್ಲ ಒಂದಾದರೆ ಎಂಥೆಂಥದೋ ಆಗಿದ್ದನ್ನು, ರೈತರೇ ಹಣ ಕೂಡಿಸಿ ಹೊಳೆಗೆ ಒಡ್ಡು ಕಟ್ಟಿದ್ದನ್ನೂ, ಈ ಹೊಳೆಸಾಲಿನವರು ಕಂಡಿದ್ದಾರೆ. ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ಅದಾಗಿ ವರ್ಷವೊಂದರ ಮೇಲೆ ಸೋದರತ್ತೆಯನ್ನು ನೋಡಿಕೊಂಡು ಬರುವಾಗ ಬೀಳಗಿಯಲ್ಲಿ ಬಸ್ಸು ತಪ್ಪಿತು. ನಿಲ್ದಾಣದ ಹತ್ತಿರ ಶಾಮಿಯಾನ, ಜನ. ಒಳಗೆ ಅದೇ ಬಿಳಿ ಅಂಗಿ. ಈ ಸಲ ಬೇಳೆಯ ಕಾರ್ಖಾನೆ, ರೈತರೆಲ್ಲ ಕೂಡಿ ಕಟ್ಟುವುದು. "ಗಲಗಲಿಯವ್ರು ಆಗಲೇ ಹೂಂ ಅಂದಾರ" ಎಂದರು. ನಾನು ಗಲಗಲಿಯಿಂದಲೇ ಬರುತ್ತಿದ್ದೆ. ಅತ್ತೆಯ ಮನೆಯ ಕಟ್ಟೆಯ ಮೇಲೆ ಎರಡು ದಿನ ಊರಿನ ಎಲ್ಲ ಸುದ್ದಿ ಕೇಳಿದ್ದೆ, ಇಂಥದೊಂದು ಮಾತೂ ಬಂದಿರಲಿಲ್ಲ. ಅವರ ಕಣ್ಣು ನನ್ನ ಮೇಲೆ ಬಿತ್ತು, ಮಾತು ಒಂದು ಉಸಿರಿನಷ್ಟು ತಡೆಯಿತು, ಮುಂದೆ ಹೋಯಿತು. ನಾನು ಪಕ್ಕದಲ್ಲಿದ್ದ ಹೆಂಗಸಿಗೆ, "ಗಲಗಲಿಯವ್ರನ್ನ ಒಮ್ಮಿ ಕೇಳಿ ನೋಡ್ರಿ" ಎಂದೆ. ಅವಳು, "ಸುಮ್ನ ಕೂಡ್ರಿ, ಕೇಳಾಕತ್ತೀವಿ" ಎಂದಳು. ಕೂತೆ. ಅಷ್ಟು ಚೆನ್ನಾಗಿ ಮಾತಾಡುತ್ತಿದ್ದರೆಂದು ಎರಡನೆಯ ಬಸ್ಸನ್ನೂ ಬಿಟ್ಟೆ.

ಅಕ್ಕನ ಮಗ್ಗಗಳು ಮತ್ತೊಂದು ವರ್ಷ ನಡೆದವು. ಆಮೇಲೆ ಸೀರೆ ಕೊಳ್ಳುವವರು ಕಡಿಮೆಯಾದರು, ನೂಲು ಕೊಡುವ ಸಾಹುಕಾರರು ಓಣಿಗೆ ಬರುವುದನ್ನು ಬಿಟ್ಟರು. ನಾದಿನಿ ಜಮಖಂಡಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಹೋದ ಶ್ರಾವಣಕ್ಕೆ ಮೊದಲು ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಕರೆದಳು. ಗುಜರಿಯವರ ಗಾಡಿ ಬಾಗಿಲಲ್ಲಿ ನಿಂತಿತ್ತು.

ಒಳಗೆ ಕಾಲಿಡುತ್ತಲೇ ನಾನು, "ಅವತ್ತ ನಾ ಹೇಳಿದ್ದು ತಪ್ಪೇನ ಅಕ್ಕಾ?" ಎಂದು ಕೇಳಿದೆ.

"ತಪ್ಪಲ್ಲ. ಇಲ್ಲಂದ್ರ ಅವತ್ತಽ ಹೋಗ್ತಿದ್ವು ಇವು" ಎಂದಳು. ಗೂಡಿನಿಂದ ಕತ್ತರಿ ತೆಗೆದು ಸೆರಗಿನಿಂದ ಒರೆಸಿದಳು. "ಅಂವಾ ಸುಳ್ಳ ಹೇಳಿದ್ರೂ ಮುಂದ ಏನ ಮಾಡೂದಂತ ಹೇಳ್ತಿದ್ದ. ನೀ ಖರೆ ಹೇಳಿ ಮನಿಗೆ ಹ್ವಾದಿ."

ಆ ಮುಂಜಾನೆಯ ಪ್ರಶ್ನೆಯನ್ನು ಇವತ್ತು ಕೇಳಿದರೂ ನಾನು ಅದೇ ಉತ್ತರ ಕೊಡುತ್ತೇನೆ. ಆದರೆ ಅಲ್ಲಿಂದ ಮನೆಗೆ ಹೋಗುವ ಬದಲು ಏನು ಮಾಡಬಹುದಿತ್ತು ಎಂದು ಈಗಲೂ ಹುಡುಕುತ್ತಿದ್ದೇನೆ.

ತುದಿ ಕೊಯ್ಯಲು ಇಬ್ಬರು ಬೇಕು, ಒಬ್ಬರು ಎಳೆ ಹಿಡಿಯಬೇಕು. ಅವಳು, "ಹಿಡಿ" ಎಂದಳು. ಹಿಡಿದೆ. ಕತ್ತರಿ ಅರ್ಧ ದಾಟಿದಾಗ ನನ್ನ ಕೈ ಸಡಿಲಾಯಿತೆಂದು ಕಾಣುತ್ತದೆ, ಅವಳು ತಲೆ ಎತ್ತದೆ, ಕೆಚ್ಚುವಾಗ ಯಾವಾಗಲೂ ಹೇಳುತ್ತಿದ್ದ ಹಾಗೆಯೇ, "ಬಿಗಿ ಹಿಡಿ, ಸಿಕ್ಕಾದೀತು" ಎಂದಳು. ಇನ್ನು ಸಿಕ್ಕಾದರೇನು ಎಂದು ನಾನು ಕೇಳಲಿಲ್ಲ. ಬಿಗಿಯಾಗಿ ಹಿಡಿದೆ.